ಆಪ್ತಸಮಾಲೋಚಕರ ಕೋಣೆಗೊಂದು ಬಾಗಿಲಿರಲಿ

‘ಎಸ್ಸೆಸ್ಸೆಲ್ಸಿ ಆಯ್ತು, ಮುಂದೇನು?’ ಎಂದರೆ ಸಲಹೆ ಕೊಡುವವರಿಗೆ ನಮ್ಮಲ್ಲಿ ಬರವಿಲ್ಲ. ಮಾವ, ಪಕ್ಕದ ಮನೆಯವರು, ಟ್ಯೂಷನ್ ಸರ್ ಎಲ್ಲರೂ ಹೇಳುವವರೇ. ಕೇಳಿಸಿಕೊಳ್ಳುವವರು ಮಾತ್ರ ಕಡಿಮೆ. ಶಾಲೆಯ ಆಪ್ತಸಮಾಲೋಚಕರ ಕೆಲಸ ಶುರುವಾಗುವುದೇ ಕೇಳಿಸಿಕೊಳ್ಳುವುದರಿಂದ.

ಈ ಕೆಲಸದಲ್ಲಿ ದಾರಿ ತೋರಿಸುವುದು ಸುಲಭದ ಭಾಗ. ಪಿಯುಸಿ ಜೊತೆಗೆ ಐಟಿಐ, ಡಿಪ್ಲೊಮಾಗಳೂ ಇವೆ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಹಾಗೆ ನಮ್ಮ ತರಗತಿಗೆ ಬಂದವರು ಲ್ಯಾಬಿನಲ್ಲಿ ನಮಗಿಂತ ಚುರುಕು. ಪಿಯುಸಿ ಸೈನ್ಸಿನಲ್ಲಿ ಒದ್ದಾಡಿ ಬಂದ ಎಷ್ಟೋ ಮಂದಿಗೆ ಇಂಥದ್ದೊಂದು ದಾರಿ ಇದೆ ಎಂದು ಹತ್ತನೇ ತರಗತಿಯಲ್ಲಿ ಯಾರೂ ಹೇಳಿರಲಿಲ್ಲ.

ಕಷ್ಟದ ಭಾಗ ಬೇರೆಯದೇ. ‘ಯಾರಿಗೂ ಹೇಳಬೇಡಿ ಮಿಸ್’ ಎಂದು ಮಗು ಬಾಯಿಬಿಟ್ಟಾಗ ಆ ಗುಟ್ಟನ್ನು ಕಾಯಬೇಕು. ಆದರೆ ಲೈಂಗಿಕ ದೌರ್ಜನ್ಯದ ವಿಷಯವಾದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಮಗುವಿನ ಜೀವಕ್ಕೇ ಅಪಾಯವಿದ್ದರೆ ಸುಮ್ಮನಿರುವಂತಿಲ್ಲ. ಯಾವುದನ್ನು ಗುಟ್ಟಾಗಿಡಬಲ್ಲೆ, ಯಾವುದನ್ನು ಇಡಲಾರೆ ಎಂದು ಮೊದಲೇ ಹೇಳಿ, ಆಮೇಲೂ ಮಗುವಿನ ನಂಬಿಕೆ ಗಳಿಸುವುದು ಹಗ್ಗದ ಮೇಲಿನ ನಡಿಗೆ.

ಇಷ್ಟರ ಮೇಲೆ, ಮೇಷ್ಟ್ರು ರಜೆ ಹಾಕಿದರೆ ಪಾಠಕ್ಕೆ ಇವರೇ, ಪರೀಕ್ಷೆಯ ಮೇಲ್ವಿಚಾರಣೆಗೂ ಇವರೇ ಎಂದರೆ ಹೇಗೆ? ಬೆಳಿಗ್ಗೆ ಎಲ್ಲರೆದುರು ಗದರಿದವರ ಮುಂದೆ ಮಧ್ಯಾಹ್ನ ಯಾವ ಮಗು ಮನಸ್ಸು ಬಿಚ್ಚೀತು? ‘ನಮ್ಮ ಮಗನಿಗೇನು ಹುಚ್ಚಾ?’ ಎಂದು ಸಿಟ್ಟಾಗುವ ಪೋಷಕರನ್ನು ಸಮಾಧಾನಪಡಿಸುವ ಹೊಣೆ ಬೇರೆ.

ಇಷ್ಟಾದರೂ ಫಲ ಕಣ್ಣಿಗೆ ಕಾಣುವುದಿಲ್ಲ. ರ‍್ಯಾಂಕ್ ಬಂದರೆ ಶಾಲೆಯ ಗೇಟಿನಲ್ಲಿ ಫ್ಲೆಕ್ಸ್ ಕಟ್ಟುತ್ತಾರೆ. ಗಣಿತದಲ್ಲಿ ಫೇಲಾಗಿ ಶಾಲೆಯ ಕಡೆ ತಲೆ ಹಾಕದಿದ್ದ ಹುಡುಗ ಧೈರ್ಯ ಮಾಡಿ ಪರೀಕ್ಷೆ–2ಕ್ಕೆ ಕುಳಿತರೆ, ಮದುವೆಯ ಮಾತೆದ್ದ ಮನೆಯ ಹುಡುಗಿ ಓದು ಮುಂದುವರಿಸಿದರೆ ಯಾರೂ ಫ್ಲೆಕ್ಸ್ ಕಟ್ಟುವುದಿಲ್ಲ. ಆಪ್ತಸಮಾಲೋಚಕರ ನಿಜವಾದ ಸಂಬಳ ಅದೇ. ಹಾಗೆಂದು ಕೈಗೆ ಬರುವ ಸಂಬಳ ಕಡಿಮೆಯಿದ್ದರೂ ನಡೆಯುತ್ತದೆ ಎಂದಲ್ಲ.

ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರು ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಸಂಪರ್ಕ ಇಟ್ಟುಕೊಳ್ಳಬೇಕು. ನಮ್ಮ ಹಳ್ಳಿಗಳ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ನೂರು ಮಕ್ಕಳಿಲ್ಲ. ಅಂಥ ನಾಲ್ಕೈದು ಶಾಲೆಗಳಿಗೆ ಒಬ್ಬರನ್ನು ನೇಮಿಸಿ, ಪ್ರತಿ ಶಾಲೆಗೂ ವಾರದ ಒಂದು ದಿನವನ್ನು ಗೊತ್ತುಮಾಡಬಹುದು. ನೇಮಿಸಿದ ಮೇಲೆ ಪಾಠ, ಶಿಸ್ತಿನ ಕೆಲಸ ಹಚ್ಚಬಾರದು. ಬಾಗಿಲು ಮುಚ್ಚಿ ಮಾತಾಡಲು ಒಂದು ಕೋಣೆ ಕೊಡಬೇಕು.

ಎಂಎಸ್‌ಡಬ್ಲ್ಯು, ಮನಶ್ಶಾಸ್ತ್ರ ಓದುತ್ತಿರುವ ಗೆಳೆಯರೇ, ಈ ಹುದ್ದೆಗಳನ್ನು ಕೇಳಿ ಪಡೆಯಿರಿ. ಅಲ್ಲಿಯವರೆಗೆ, ಮನಸ್ಸು ಭಾರವಾದ ಯಾರೇ ಆಗಲಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.