ಹೆಸರು ಒಂದೇ, ಮಕ್ಕಳು ಇಬ್ಬರು

ಮಕ್ಕಳೇ, ಕಳೆದ ಗಣೇಶನ ಹಬ್ಬಕ್ಕೆ ನಮ್ಮ ಬೀದಿಯ 24 ಮಕ್ಕಳಿಗೆ ಬಹುಮಾನ ಕೊಡುವುದೆಂದು ತೀರ್ಮಾನವಾಯಿತು. ಬಿಸಿಎ ಓದುವ ನನ್ನ ಮೊಮ್ಮಗಳು, “ತಾತ, ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸೋಕೆ ಜಾವಾದಲ್ಲಿ ಪ್ರೋಗ್ರಾಂ ಬರೀತೀನಿ” ಎಂದಳು. ಅದರಲ್ಲಿ ಒಂದೊಂದು ಮಗುವಿಗೂ ಒಂದು ‘ಆಬ್ಜೆಕ್ಟ್’. ನಮ್ಮ ಕಾಲದ ಲೆಡ್ಜರಿನ ಹಾಳೆ ಇದ್ದ ಹಾಗೆ: ಒಬ್ಬರ ಹೆಸರು, ಮನೆ ನಂಬರು, ಬಹುಮಾನ ಎಲ್ಲ ಒಂದೇ ಕಡೆ.

ಹೆಸರುಗಳನ್ನು ಕಂಪ್ಯೂಟರ್ ಹೇಗೆ ಹೋಲಿಸುತ್ತದೆ ಗೊತ್ತೇ? ಅದಕ್ಕೆ ಪ್ರತಿ ಅಕ್ಷರವೂ ಒಂದು ಸಂಖ್ಯೆ. ಕಮಲಾ, ಕವಿತಾ ಎಂಬ ಹೆಸರು ತೆಗೆದುಕೊಳ್ಳಿ. ಎರಡರಲ್ಲೂ ಮೊದಲು ಕ. ಅದರ ಸಂಖ್ಯೆ 3221. ಮುಂದಿನದು ಮ 3246, ವ 3253. 3246ರಲ್ಲಿ 3253 ಕಳೆದರೆ ಮೈನಸ್ 7. ಉತ್ತರ ಸೊನ್ನೆಗಿಂತ ಕಡಿಮೆ ಬಂದರೆ ಮೊದಲನೆಯ ಹೆಸರು ಮುಂದೆ, ಹೆಚ್ಚು ಬಂದರೆ ಹಿಂದೆ. ಸೊನ್ನೆ ಬಂದರೆ ಎರಡೂ ಒಂದೇ.

ಈ ಸೊನ್ನೆಯೇ ಎಡವಟ್ಟು ಮಾಡಿತು. ಪಟ್ಟಿ ಅಚ್ಚಾಗಿ ಬಂತು. ನನಗೆ ಹಳೇ ಚಾಳಿ, ಬೆರಳಿಟ್ಟು ಎಣಿಸಿದೆ. 23! ಮತ್ತೆ ಎಣಿಸಿದೆ. ಆಗಲೂ 23! ನಮ್ಮ ಬೀದಿಯಲ್ಲಿ ಇಬ್ಬರು ಕಾವ್ಯ ಇದ್ದಾರೆ: 7ನೇ ಮನೆಯವಳು ಒಬ್ಬಳು, 12ನೇ ಮನೆಯವಳು ಇನ್ನೊಬ್ಬಳು. ಮೊಮ್ಮಗಳು ಬಳಸಿದ್ದ ‘ಟ್ರೀಸೆಟ್’ ಎಂಬ ಏರ್ಪಾಡು, ಹೋಲಿಕೆಯಲ್ಲಿ ಸೊನ್ನೆ ಬಂದರೆ ಇವರು ಆಗಲೇ ಇದ್ದಾರೆ ಎಂದುಕೊಂಡು ಎರಡನೆಯವರನ್ನು ಸೇರಿಸಿಕೊಳ್ಳುವುದೇ ಇಲ್ಲ. ತಪ್ಪಾಗಿದೆ ಎಂದು ಕೂಗಿಯೂ ಹೇಳುವುದಿಲ್ಲ. ರಂಗೋಲಿಯಲ್ಲಿ ಎರಡನೇ ಬಹುಮಾನ ಗೆದ್ದ 12ನೇ ಮನೆಯ ಕಾವ್ಯ ಪಟ್ಟಿಯಿಂದಲೇ ಮಾಯ!

“ಪುಟ್ಟಿ, ಬ್ಯಾಂಕಿನಲ್ಲಿ ಒಂದೇ ಹೆಸರಿನವರು ಎಷ್ಟೋ ಜನ ಇರ್ತಿದ್ರು. ಅದಕ್ಕೇ ಹೆಸರಿನ ಜೊತೆ ಖಾತೆ ನಂಬರೂ ನೋಡ್ತಿದ್ವಿ” ಎಂದೆ. ಅವಳು ಒಂದು ನಿಯಮ ಸೇರಿಸಿದಳು: ಹೆಸರು ಒಂದೇ ಆದರೆ ಮನೆ ನಂಬರು ಹೋಲಿಸು. “ಅದನ್ನು ಸಂಖ್ಯೆಯಾಗಿಯೇ ಹೋಲಿಸಬೇಕು ತಾತ. ಅಕ್ಷರಗಳ ಹಾಗೆ ಹೋಲಿಸಿದರೆ 12ರ ಮೊದಲ ಅಂಕಿ 1 ಅಂತ ಅದನ್ನೇ 7ಕ್ಕಿಂತ ಮುಂದೆ ಇಟ್ಟುಬಿಡುತ್ತೆ” ಎಂದಳು. ಈ ಸಲ ಎಣಿಸಿದರೆ 24.

ಹಬ್ಬದ ಸಂಜೆ “ಕಾವ್ಯ” ಎಂದು ಕೂಗಿದಾಗ ಇಬ್ಬರೂ ಓಡಿ ಬಂದರು. ಇಬ್ಬರ ಕೈಗೂ ಬಹುಮಾನ ಸಿಕ್ಕಿತು. ಪಟ್ಟಿ ಯಾರೇ ಮಾಡಲಿ ಮಕ್ಕಳೇ, ಕೊನೆಗೊಮ್ಮೆ ತಲೆ ಎಣಿಸಿ.