ಹಾಕಿ ಹಬ್ಬವೂ ಸಂಘಗಳ ಕ್ರೀಡಾಕೂಟವೂ

ಮಾರ್ಚ್ ಅಂತ್ಯದ ಲೆಕ್ಕಪತ್ರ ಮುಗಿಯುತ್ತಿದ್ದಂತೆ ಮುಂಬಯಿಯಲ್ಲಿರುವ ಕೊಡವ ಹಾಕಿ ಅಭಿಮಾನಿಗಳ ದಿನಚರಿಯೇ ಬದಲಾಗುತ್ತದೆ. ಲೋಕಲ್ ರೈಲಿನ ನೂಕುನುಗ್ಗಲಿನಲ್ಲೂ ಕಣ್ಣು ಮೊಬೈಲಿನ ಮೇಲೆ. ಮಧ್ಯಾಹ್ನದ ಡಬ್ಬಿ ತಣ್ಣಗಾದರೂ ಚಿಂತೆಯಿಲ್ಲ, ತಮ್ಮ ಒಕ್ಕದ, ಅಂದರೆ ಮನೆತನದ ಪಂದ್ಯ ತಪ್ಪಬಾರದು. ನಾಕೌಟ್ ಪದ್ಧತಿಯಾದ್ದರಿಂದ ಒಮ್ಮೆ ಸೋತರೆ ಆ ವರ್ಷದ ಆಟ ಮುಗಿದಂತೆಯೇ. ಕೊಡಗಿಗೆ ರೈಲಿಲ್ಲ, ಮೈಸೂರಿನಲ್ಲೋ ಮಂಗಳೂರಿನಲ್ಲೋ ಇಳಿದು ಬಸ್ಸು ಹಿಡಿದು ತಲುಪುವಷ್ಟರಲ್ಲಿ ತಂಡ ಹೊರಬಿದ್ದಿರಲೂಬಹುದು. ಆದರೂ ರಜೆ ಹಾಕಿ ಹೋಗುವವರಿದ್ದಾರೆ. ತಮ್ಮವರು ಸೋತರೇನು, ಪತ್ನಿಯ ತವರಿನ ತಂಡ ಇದೆಯಲ್ಲ!

1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬ ತಂಡಗಳೊಂದಿಗೆ ಆರಂಭಿಸಿದ ಪಂದ್ಯಾವಳಿಯಿದು. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಪಾಲ್ಗೊಂಡವು. ಸಂಖ್ಯೆಗಿಂತಲೂ ಮೆಚ್ಚಬೇಕಾದದ್ದು ಇನ್ನೊಂದಿದೆ. ಇಲ್ಲಿ ಮಹಿಳೆಯರು ಪುರುಷರೊಂದಿಗೆ ಒಂದೇ ತಂಡದಲ್ಲಿ ಆಡುತ್ತಾರೆ. ಅಣ್ಣನ ಮಗಳು ಗೋಲು ಹೊಡೆದಳೆಂದು ಕಚೇರಿಯಲ್ಲಿ ಸಿಹಿ ಹಂಚುವವರೂ ಉಂಟು.

ಆದರೆ ಇವರೇ ಮಹಾನಗರದ ಕನ್ನಡ ಸಂಘದ ಸಮಿತಿಯಲ್ಲಿ ಕುಳಿತಾಗ ವಾರ್ಷಿಕ ಕ್ರೀಡಾಕೂಟದ ಪಟ್ಟಿ ಹೇಗಿರುತ್ತದೆ? ಪುರುಷರಿಗೆ ಕ್ರಿಕೆಟ್, ವಾಲಿಬಾಲ್, ಹಗ್ಗಜಗ್ಗಾಟ. ಮಹಿಳೆಯರಿಗೆ ಲಿಂಬೆ-ಚಮಚ, ಸಂಗೀತ ಕುರ್ಚಿ. ಅದೂ ಊಟಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ. ಮಹಿಳೆಯರು ಮುಂದೆ ಬರುವುದಿಲ್ಲ ಎಂಬ ಸಬೂಬು ಬೇರೆ. ಕರೆಯದೆ ಬರುವುದಾದರೂ ಹೇಗೆ? ಮುಂದಿನ ಕ್ರೀಡಾಕೂಟದ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಮಿಶ್ರ ತಂಡಗಳ ಒಂದು ಪಂದ್ಯವನ್ನಾದರೂ ಸೇರಿಸಲಿ. ಮೈದಾನದ ಬಾಡಿಗೆಯನ್ನು ಹೇಗೂ ಇಡೀ ದಿನಕ್ಕೆ ಕಟ್ಟಿರುತ್ತಾರೆ.