ಸೋತ ಮರುದಿನದ ಸುಗ್ಗಿ

ಈ ವಾರ ನಮ್ಮ ಬೀದಿಯ ಟೀ ಅಂಗಡಿಯಲ್ಲಿ ಒಬ್ಬರು ಹಿಂದಿನ ರಾತ್ರಿ ಸೋತ ಪಂದ್ಯದ ಕೊನೆಯ ಓವರನ್ನು ಬಾಯಲ್ಲೇ ಮತ್ತೆ ಮತ್ತೆ ಎಸೆಯುತ್ತಿದ್ದರು. ಗ್ಲಾಸಿನಲ್ಲಿ ಟೀ ಕೆನೆಗಟ್ಟಿತ್ತು. ಈ ಚಟವನ್ನೇ ನಂಬಿ ರೇಡಿಯೊ ನಡೆಸಿದ್ದು ನ್ಯೂಯಾರ್ಕಿನ ಡಬ್ಲ್ಯುಎಫ್‌ಎಎನ್. 1987ರ ಜುಲೈ 1ರಂದು, ದಿನವಿಡೀ ಬರೀ ಕ್ರೀಡೆ ಎಂದು ಅದು ಹೊರಟಾಗ ನಕ್ಕವರು ಬಹಳ. ಅದು ಬಿತ್ತರಿಸುತ್ತಿದ್ದ ಮೆಟ್ಸ್ ತಂಡದ ಬೇಸ್‌ಬಾಲ್ ಪಂದ್ಯ ಮೂರು ತಾಸಿನ ಮಾತು. ಉಳಿದ ಹೊತ್ತಿಗೆ ಏನು ಮಾಡುತ್ತಾರೆ? ಮರುವರ್ಷ ಸ್ಟೇಷನ್ 660 ಕಿಲೋಹರ್ಟ್ಸ್‌ಗೆ ಬಂದಾಗ, ಅಲ್ಲಿ ಮೊದಲೇ ಇದ್ದ ಡಾನ್ ಐಮಸ್‌ನ ಬೆಳಗಿನ ಹರಟೆಯೂ ಜೊತೆಗೇ ಬಂತು. ಆಟಕ್ಕೂ ಆತನಿಗೂ ದೂರದ ನಂಟು; ಆದರೂ ಕ್ರೀಡಾ ಸ್ಟೇಷನ್ನಿನ ಕೈಹಿಡಿದವನು ಆತನೇ, ತಮಾಷೆ ನೋಡಿ. ಆದರೆ ಅದರ ನಿಜವಾದ ಬಂಡವಾಳ 1989ರಿಂದ 2008ರವರೆಗೆ ಮಧ್ಯಾಹ್ನ ಕೂರುತ್ತಿದ್ದ ಮೈಕ್ ಫ್ರಾನ್ಸೆಸಾ, ಕ್ರಿಸ್ ರೂಸೊ ಜೋಡಿ. ಒಬ್ಬನದು ಎಲ್ಲ ಬಲ್ಲೆನೆಂಬ ಗತ್ತು, ಇನ್ನೊಬ್ಬನದು ಕೀಚಲು ದನಿಯ ಆವೇಶ. ಫೋನ್ ಮಾಡಿದವನು ಕೋಚನ್ನು ಮನೆಗೆ ಕಳಿಸಿ ಎನ್ನುವುದು, ಇವರು ಅರ್ಧಕ್ಕೇ ಬಾಯಿ ಹಾಕಿ ಜಗಳಕ್ಕೆ ನಿಲ್ಲುವುದು, ಅಷ್ಟೇ ಕಾರ್ಯಕ್ರಮ. ಗೆದ್ದ ದಿನಕ್ಕಿಂತ ಸೋತ ಮರುದಿನವೇ ಅಲ್ಲಿ ಸುಗ್ಗಿ. ನಮ್ಮ ಆಕಾಶವಾಣಿಯೂ ಕನ್ನಡದಲ್ಲಿ ಕ್ರಿಕೆಟ್ ವೀಕ್ಷಕ ವಿವರಣೆ ಕೊಟ್ಟಿದೆ, ಚೆಂದವಾಗಿಯೇ ಕೊಟ್ಟಿದೆ. ಆದರೆ ಕೊನೆಯ ಎಸೆತಕ್ಕೆ ಅದರ ಜವಾಬ್ದಾರಿ ಮುಗಿಯುತ್ತಿತ್ತು. ಆಮೇಲೆ ವಾರ್ತೆಯೋ ಚಿತ್ರಗೀತೆಯೋ. ಅಂಪೈರನ್ನು ಬೈಯಲೇಬೇಕೆಂದು ತುದಿಗಾಲಲ್ಲಿ ನಿಂತವನು ಎಲ್ಲಿಗೆ ಫೋನ್ ಮಾಡಬೇಕಿತ್ತು?